ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ನಿರ್ದೇಶಕರು: ಮಾರಿಸ್ ಟ್ರಾವರ್ಸ್

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳೆಯ ತಲೆಮಾರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ಹೊಸೂರು, ಬಾಗಲೂರು, ತಳಿ, ಕೆಲಮಂಗಲಗಳ ಕಡೆಯಿಂದ ಬರುವ ನಮ್ಮ ವಿದ್ಯಾರ್ಥಿಗಳಿಗೆ ಬೆಂಗಳೂರು ಪರಸ್ಥಳವಲ್ಲ. ಅತ್ತಿಬೆಲೆ ದಾಟಿದರೆ ರಾಜ್ಯ ಬದಲಾಗುತ್ತದೆ, ನೆಂಟಸ್ತನ ಬದಲಾಗುವುದಿಲ್ಲ. ಆದರೂ ಕಳೆದ ವರ್ಷ ಜೀವನಚರಿತ್ರೆ ಎಂಬ ಸಾಹಿತ್ಯಪ್ರಕಾರವನ್ನು ಪಾಠ ಮಾಡುತ್ತಿದ್ದಾಗ, ಆ ಸಂಸ್ಥೆಯ ಮೊದಲ ನಿರ್ದೇಶಕರು ಯಾರೆಂದು ತರಗತಿಯಲ್ಲಿ ಕೇಳಿದೆ. ಸಿ.ವಿ. ರಾಮನ್ ಎಂದು ಹಲವರು ಒಟ್ಟಿಗೆ ಹೇಳಿದರು. ರಾಮನ್ ಅವರು 1933ರಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು. ಅವರಿಗೆ ಮುನ್ನ ಮೂವರು ಇಂಗ್ಲಿಷರು ಅಲ್ಲಿ ಕುಳಿತಿದ್ದರು. ಮೂವರಲ್ಲಿ ಮೊದಲಿಗರು ಮಾರಿಸ್ ವಿಲಿಯಂ ಟ್ರಾವರ್ಸ್. ಇವರ ಹೆಸರನ್ನು ಬಲ್ಲವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ಅದು ವಿದ್ಯಾರ್ಥಿಗಳ ತಪ್ಪೆಂದು ನಾನು ಹೇಳಲಾರೆ. ರಸಾಯನವಿಜ್ಞಾನದ ಪುಸ್ತಕಗಳು ಈ ವ್ಯಕ್ತಿಯನ್ನು 1898ರಲ್ಲಿ ನಿಲ್ಲಿಸಿಬಿಡುತ್ತವೆ. ಬೆಂಗಳೂರಿನ ಚರಿತ್ರೆಯನ್ನು ಹೇಳುವವರು ಜಮಶೇಟ್‌ಜಿ ಟಾಟಾ ಅವರಿಂದ ನೇರವಾಗಿ ರಾಮನ್ ಅವರಿಗೆ ಜಿಗಿಯುತ್ತಾರೆ. ನಡುವಿನ ಎಂಟು ವರ್ಷಗಳಲ್ಲಿ ಬಯಲೊಂದನ್ನು ವಿದ್ಯಾಸಂಸ್ಥೆಯಾಗಿಸಿದವರು ಎರಡೂ ಕಥೆಗಳಿಂದ ಜಾರಿಹೋಗಿದ್ದಾರೆ.

ನಾವು ಓದುವ ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಬಾಲ್ಯದ ಬಡತನವಿರುತ್ತದೆ, ನಡುವಯಸ್ಸಿನ ಹೋರಾಟವಿರುತ್ತದೆ, ಕೊನೆಯಲ್ಲಿ ಕೀರ್ತಿಯಿರುತ್ತದೆ. ಟ್ರಾವರ್ಸ್ ಅವರ ಬದುಕು ಈ ಅಚ್ಚಿಗೆ ಬಗ್ಗುವುದಿಲ್ಲ. ಅವರ ಅತ್ಯುತ್ತಮ ಸಾಧನೆ ಇಪ್ಪತ್ತಾರನೆಯ ವಯಸ್ಸಿಗೇ ಮುಗಿದಿತ್ತು. ಅತ್ಯಂತ ದೊಡ್ಡ ಕೆಲಸವನ್ನು ನಲವತ್ತೆರಡನೆಯ ವಯಸ್ಸಿನಲ್ಲಿ ಮನಸ್ತಾಪದ ನಡುವೆ ಬಿಟ್ಟು ಹೊರಟರು. ಆ ಮೇಲೆ ಇನ್ನೂ ನಲವತ್ತೇಳು ವರ್ಷ ಬದುಕಿದರು.

ಅವರು ಹುಟ್ಟಿದ್ದು 1872ರ ಜನವರಿ 24ರಂದು, ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ. ತಂದೆ ವೈದ್ಯರು. ಟಿವರ್ಟನ್ ಎಂಬ ಊರಿನ ಬ್ಲಂಡೆಲ್ಸ್ ಶಾಲೆಯಲ್ಲಿ ಓದಿ, 1889ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದರು. ಪದವಿಯ ನಂತರ ಕೆಲಕಾಲ ಫ್ರಾನ್ಸಿನ ನ್ಯಾನ್ಸಿಯಲ್ಲಿದ್ದು, 1894ರಲ್ಲಿ ಮರಳಿ ಅದೇ ಕಾಲೇಜಿನಲ್ಲಿ ವಿಲಿಯಂ ರಾಮ್ಸೆ ಅವರ ಕೈಕೆಳಗೆ ಪ್ರಯೋಗಶಾಲೆಯ ಸಹಾಯಕ ಅಧ್ಯಾಪಕರಾದರು. ಅವರ ಬದುಕನ್ನು ತಿರುಗಿಸಿದ್ದು ಈ ರಾಮ್ಸೆ. ಗುರುವಿಗೆ ಶಿಷ್ಯನಿಗಿಂತ ಇಪ್ಪತ್ತು ವರ್ಷ ಹೆಚ್ಚು.

ಟ್ರಾವರ್ಸ್ ಸೇರಿದ ಹೊತ್ತಿಗೆ ಆ ಪ್ರಯೋಗಶಾಲೆಯಲ್ಲಿ ಗಾಳಿಯ ಕುರಿತು ಒಂದು ಅನುಮಾನ ಬಲವಾಗುತ್ತಿತ್ತು. ರ‍್ಯಾಲಿ ಎಂಬ ಭೌತವಿಜ್ಞಾನಿ ಗಾಳಿಯಿಂದ ಬೇರ್ಪಡಿಸಿದ ಸಾರಜನಕವನ್ನೂ ರಾಸಾಯನಿಕವಾಗಿ ತಯಾರಿಸಿದ ಸಾರಜನಕವನ್ನೂ ತೂಗಿ ನೋಡಿದ್ದರು. ಮೊದಲನೆಯದು ಲೀಟರಿಗೆ 1.257 ಗ್ರಾಂ, ಎರಡನೆಯದು 1.250 ಗ್ರಾಂ. ಎರಡಕ್ಕೂ ಇದ್ದ ವ್ಯತ್ಯಾಸ ನೂರಕ್ಕೆ ಅರ್ಧ ಪಾಲು. ತಕ್ಕಡಿಯ ದೋಷವೆಂದು ಕೈಬಿಡಬಹುದಾದ ಈ ವ್ಯತ್ಯಾಸವನ್ನು ರ‍್ಯಾಲಿ ಮತ್ತು ರಾಮ್ಸೆ ಕೈಬಿಡಲಿಲ್ಲ. ಅದರಿಂದ ಆರ್ಗಾನ್ ದೊರೆಯಿತು. ಮರುವರ್ಷ, 1895ರಲ್ಲಿ, ಒಂದು ಖನಿಜವನ್ನು ಕಾಯಿಸಿದಾಗ ಹೊರಟ ಅನಿಲದಲ್ಲಿ ರಾಮ್ಸೆ ಹೀಲಿಯಮನ್ನು ಕಂಡರು. ಆವರ್ತಕೋಷ್ಟಕದಲ್ಲಿ ಇವೆರಡನ್ನು ಕೂರಿಸಲು ಹೊಸ ಕಂಬಸಾಲೇ ಬೇಕಾಯಿತು. ಹೀಲಿಯಮ್ಮಿಗೂ ಆರ್ಗಾನಿಗೂ ನಡುವೆ ಒಂದು ಮನೆ ಖಾಲಿ, ಆರ್ಗಾನಿನ ಕೆಳಗೂ ಮನೆಗಳು ಖಾಲಿ. ಅಲ್ಲಿ ಯಾರೋ ಇರಲೇಬೇಕು.

ರಾಮ್ಸೆ ಮತ್ತು ಟ್ರಾವರ್ಸ್ ಮೊದಲು ಹುಡುಕಿದ್ದು ಕಲ್ಲುಗಳಲ್ಲಿ. ಖನಿಜಗಳನ್ನು ಕಾಯಿಸಿದರು, ಉಲ್ಕಾಶಿಲೆಗಳನ್ನು ಕಾಯಿಸಿದರು, ಏನೂ ಸಿಗಲಿಲ್ಲ. ಹುಡುಕಬೇಕಾದದ್ದು ಮೂಗಿನ ಮುಂದಿನ ಗಾಳಿಯಲ್ಲೇ ಎಂದು ಹೊಳೆದಾಗ ಅದಕ್ಕೆ ತಕ್ಕ ಸಾಧನವೂ ಒದಗಿಬಂದಿತು. ವಿಲಿಯಂ ಹ್ಯಾಂಪ್ಸನ್ ಎಂಬವರು ಗಾಳಿಯನ್ನು ದ್ರವವಾಗಿಸುವ ಯಂತ್ರವನ್ನು ರೂಪಿಸಿದ್ದರು. ಅವರಿಂದ ಸ್ವಲ್ಪ ದ್ರವಗಾಳಿ ದೊರೆಯಿತು. ದ್ರವಗಾಳಿಯನ್ನು ಬಟ್ಟಿ ಇಳಿಸುವುದು ತತ್ತ್ವದಲ್ಲಿ ಗಂಧದೆಣ್ಣೆಯನ್ನು ಬಟ್ಟಿ ಇಳಿಸುವುದಕ್ಕಿಂತ ಬೇರೆಯಲ್ಲ. ಬೇಗ ಕುದಿಯುವುದು ಮೊದಲು ಹೋಗುತ್ತದೆ, ತಡವಾಗಿ ಕುದಿಯುವುದು ತಳದಲ್ಲಿ ಉಳಿಯುತ್ತದೆ. ಆದರೆ ಇಲ್ಲಿ ಬೆಂಕಿ ಬೇಡ. ಸಾರಜನಕ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಆಮ್ಲಜನಕ 183 ಡಿಗ್ರಿ ಕೆಳಗೆ ಕುದಿಯುತ್ತದೆ. ಕೋಣೆಯ ಸಾಧಾರಣ ಗಾಳಿಯೇ ಅದಕ್ಕೆ ಒಲೆ. ದ್ರವಗಾಳಿಯ ಬಹುಭಾಗವನ್ನು ಆವಿಯಾಗಲು ಬಿಟ್ಟು, ತಳದಲ್ಲಿ ಉಳಿದದ್ದನ್ನು ಹಿಡಿದು, ಅದರ ಆಮ್ಲಜನಕ ಸಾರಜನಕಗಳನ್ನು ಕಾದ ಲೋಹಗಳ ಮೇಲೆ ಹಾಯಿಸಿ ತೆಗೆದು, ಮಿಕ್ಕ ಅನಿಲವನ್ನು ಗಾಜಿನ ಕೊಳವೆಯೊಳಗೆ ತುಂಬಿ ವಿದ್ಯುತ್ ಹರಿಸಿ ರೋಹಿತದರ್ಶಕದಲ್ಲಿ ನೋಡಿದರು. ಆವರೆಗೆ ಯಾವ ಧಾತುವಿನಲ್ಲೂ ಕಾಣದ ಒಂದು ಹಳದಿ ಗೆರೆ, ಒಂದು ಹಸುರು ಗೆರೆ. 1898ರ ಮೇ 30. ಆ ರಾತ್ರಿಯೇ ಹೊಸ ಅನಿಲದ ಸಾಂದ್ರತೆಯನ್ನು ಅಳೆಯಲು ಇಬ್ಬರೂ ಬಹಳ ಹೊತ್ತು ಕುಳಿತರು. ಮರುದಿನ ಟ್ರಾವರ್ಸ್ ಅವರಿಗೆ ಡಿ.ಎಸ್‌ಸಿ. ಪದವಿಯ ಪರೀಕ್ಷೆಯಿತ್ತು, ಇಬ್ಬರಿಗೂ ಅದು ಮರೆತೇಹೋಗಿತ್ತೆಂದು ಹೇಳುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಬೇರೆ ಬೇರೆ ಕಾರಣಗಳಿಗಾಗಿ ಓದನ್ನು ಮರೆಯುವ ನಮ್ಮ ವಿದ್ಯಾರ್ಥಿಗಳು ಈ ಪ್ರಸಂಗವನ್ನು ನನ್ನ ಮೇಲೆಯೇ ಪ್ರಯೋಗಿಸುವ ಅಪಾಯವಿದೆ. ಪದವಿಯಂತೂ ಅವರಿಗೆ ಆ ವರ್ಷವೇ ಬಂದಿತು.

ಮೇ 30ರಂದು ಸಿಕ್ಕಿದ್ದು ಕ್ರಿಪ್ಟಾನ್. ಹುಡುಕುತ್ತಿದ್ದದ್ದು ಆರ್ಗಾನಿಗಿಂತ ಹಗುರವಾದದ್ದನ್ನು. ಕೈಗೆ ಬಂದದ್ದು ಭಾರವಾದದ್ದು. ಜೂನ್ ತಿಂಗಳಲ್ಲಿ ಆರ್ಗಾನಿನ ಹಗುರ ಭಾಗವನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಕೊಳವೆಯೊಳಗಿಂದ ಕಡುಗೆಂಪು ಬೆಳಕು ಉರಿದೆದ್ದಿತು. ಅದನ್ನು ಕಂಡ ಮೇಲೆ ರೋಹಿತವನ್ನು ನೋಡುವ ಅಗತ್ಯವೂ ಇರಲಿಲ್ಲ. ಅದು ನಿಯಾನ್. ಜುಲೈ ತಿಂಗಳಲ್ಲಿ ಕ್ರಿಪ್ಟಾನಿನ ತಳಶೇಷದಿಂದ ಜೆನಾನ್ ಬಂದಿತು. ಆರು ವಾರಗಳ ಆಸುಪಾಸಿನಲ್ಲಿ ಮೂರು ಮೂಲವಸ್ತುಗಳು. ಇವುಗಳ ಪ್ರಮಾಣ ಎಷ್ಟು ಅಲ್ಪವೆಂಬುದನ್ನು ನೆನೆಯಬೇಕು: ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ನಿಯಾನ್ ಹದಿನೆಂಟು ಪಾಲು, ಕ್ರಿಪ್ಟಾನ್ ಒಂದು ಪಾಲು, ಜೆನಾನ್ ಒಂದು ಪಾಲಿನ ಹತ್ತನೆಯ ಒಂದಕ್ಕೂ ಕಡಿಮೆ.

ಹೆಸರುಗಳ ವಿಷಯಕ್ಕೆ ಭಾಷಾವಿದ್ಯಾರ್ಥಿಗಳು ಒಂದು ಗಳಿಗೆ ನಿಲ್ಲಬೇಕು. ಮೂರೂ ಗ್ರೀಕ್ ಪದಗಳು. ಕ್ರಿಪ್ಟಾನ್ ಎಂದರೆ ಅಡಗಿದ್ದದ್ದು, ನಿಯಾನ್ ಎಂದರೆ ಹೊಸದು, ಜೆನಾನ್ ಎಂದರೆ ಪರಕೀಯ. ನಿಯಾನಿಗೆ ಹೆಸರು ಸೂಚಿಸಿದವನು ರಾಮ್ಸೆ ಅವರ ಹದಿಮೂರು ವರ್ಷದ ಮಗ. ಅವನು ಹೇಳಿದ್ದು ಹೊಸದು ಎಂಬರ್ಥದ ಲ್ಯಾಟಿನ್ ಪದವನ್ನು. ತಂದೆ ಅದನ್ನು ಗ್ರೀಕಿಗೆ ತಿರುಗಿಸಿದರು. ಧಾತು ಎಂದರೆ ನಮ್ಮ ವ್ಯಾಕರಣದಲ್ಲಿ ಕ್ರಿಯಾಪದದ ಮೂಲ, ರಸಾಯನದವರಿಗೆ ಮೂಲವಸ್ತು. ಇಬ್ಬರಿಗೂ ಅದು ಮತ್ತೆ ಒಡೆಯಲಾಗದ ತುಣುಕು. ನಾನು ಕಲಿತದ್ದು ಕನ್ನಡವೂ ಮರಾಠಿಯೂ ಕೂಡಿ ನಡೆಯುವ ಶಾಲೆಯಲ್ಲಿ. ಮರಾಠಿಯ ವಿಜ್ಞಾನಪಾಠದಲ್ಲಿ ಇವು ನಿಷ್ಕ್ರಿಯ ವಾಯುಗಳು. ಕನ್ನಡದ ಪಾಠದಲ್ಲಿ ಜಡ ಅನಿಲಗಳು. ವಾಯು ಎಂದೊಡನೆ ಕನ್ನಡದ ಹುಡುಗರು ನಗುತ್ತಿದ್ದರು, ಏಕೆಂದರೆ ನಮ್ಮ ಮನೆಗಳಲ್ಲಿ ವಾಯು ಎಂಬುದು ಅಜ್ಜಂದಿರ ಹೊಟ್ಟೆಯ ತೊಂದರೆ. ಆದರೆ ಜಡ ಎಂಬ ಪದ ನನಗೆ ಆಗಲೂ ಒಗ್ಗಲಿಲ್ಲ, ಈಗಲೂ ಒಗ್ಗುವುದಿಲ್ಲ. ಯಾರೊಡನೆಯೂ ಕೂಡದಿರುವುದು ಬೇರೆ, ಚೇತನವಿಲ್ಲದಿರುವುದು ಬೇರೆ. ಕೊಳವೆಯೊಳಗೆ ಕೆಂಪಗೆ ಉರಿದ ನಿಯಾನನ್ನು ಜಡವೆನ್ನಲು ಮನಸ್ಸು ಬಾರದು. ಇಲ್ಲಿಗೆ ಹತ್ತಿರದ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದ ರಾಜಾಜಿಯವರು ತಮಿಳಿನಲ್ಲಿ ತಿಣ್ಣೈ ರಸಾಯನಂ ಎಂಬ ಪುಸ್ತಕವನ್ನು ಬರೆದಿದ್ದಾರೆ. ತಿಣ್ಣೈ ಎಂದರೆ ಮನೆಯ ಮುಂದಿನ ಜಗಲಿ. ರಸಾಯನಶಾಸ್ತ್ರವನ್ನು ಜಗಲಿಗೆ ಕರೆದು ಕೂರಿಸುವ ಆ ಧೈರ್ಯ ನಮ್ಮ ಪದಕೋಶಗಳಿಗೆ ಇನ್ನೂ ಬರಬೇಕಾಗಿದೆ.

ಮೂರು ಹೆಸರುಗಳಿಂದ ಕೆಲಸ ಮುಗಿಯಲಿಲ್ಲ. ನಿಯಾನನ್ನು ಹೀಲಿಯಮ್ಮಿನಿಂದ ಪೂರ್ಣವಾಗಿ ಬಿಡಿಸಲು ದ್ರವಗಾಳಿಯ ತಂಪು ಸಾಲದು, ದ್ರವ ಜಲಜನಕ ಬೇಕು. ಅದನ್ನು ಲಂಡನ್ನಿನಲ್ಲೇ ಜೇಮ್ಸ್ ಡ್ಯೂವರ್ 1898ರಲ್ಲಿ ಮೊದಲಿಗೆ ಸಾಧಿಸಿದ್ದರು. ಆದರೆ ಡ್ಯೂವರ್ ಮತ್ತು ರಾಮ್ಸೆ ಅವರ ನಡುವೆ ಸರಿ ಇರಲಿಲ್ಲ, ಕೇಳಿದರೆ ಸಿಗುವಂತಿರಲಿಲ್ಲ. ಆದುದರಿಂದ ಟ್ರಾವರ್ಸ್ ತಾವೇ ಜಲಜನಕವನ್ನು ದ್ರವವಾಗಿಸುವ ಯಂತ್ರವನ್ನು ಕಟ್ಟಿದರು. ಆ ತಂಪಿಗೆ ನಿಯಾನ್ ಹೆಪ್ಪುಗಟ್ಟಿತು, ಹೀಲಿಯಂ ಅನಿಲವಾಗಿಯೇ ಉಳಿಯಿತು, ಎರಡೂ ಬೇರೆಯಾದವು. ಟ್ರಾವರ್ಸ್ ಅವರ ಪ್ರತಿಭೆ ಇರುವುದು ಇಲ್ಲಿ ಎಂದು ನನಗನ್ನಿಸುತ್ತದೆ. ಎಲ್ಲಿ ಹುಡುಕಬೇಕೆಂದು ತೋರಿಸುವ ಕಣ್ಣು ರಾಮ್ಸೆ ಅವರದು; ಒಂದು ಗುಳ್ಳೆಯಷ್ಟು ಅನಿಲವನ್ನು ಸೋರದಂತೆ ಪಾದರಸದ ಮೇಲೆ ಹಿಡಿದು ಕೊಳವೆಯಿಂದ ಕೊಳವೆಗೆ ದಾಟಿಸುವ ಕೈ ಟ್ರಾವರ್ಸ್ ಅವರದು. ಆ ಕೈಗೆಲಸವನ್ನು ಅವರು 1901ರಲ್ಲಿ ಅನಿಲಗಳ ಪ್ರಾಯೋಗಿಕ ಅಧ್ಯಯನದ ಕುರಿತ ಗ್ರಂಥವಾಗಿ ಬರೆದರು. 1904ರಲ್ಲಿ ರಾಮ್ಸೆ ಅವರಿಗೆ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು, ರ‍್ಯಾಲಿ ಅವರಿಗೆ ಭೌತವಿಜ್ಞಾನದ್ದು. ಟ್ರಾವರ್ಸ್ ಅವರಿಗೆ ಆ ವರ್ಷ ಬಂದದ್ದು ರಾಯಲ್ ಸೊಸೈಟಿಯ ಸದಸ್ಯತ್ವ ಮತ್ತು ಬ್ರಿಸ್ಟಲ್ ನಗರದ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕ ಹುದ್ದೆ. ಕಡಿಮೆ ಗೌರವವಲ್ಲ. ಆದರೂ ಮೂರು ಧಾತುಗಳ ಶೋಧದಲ್ಲಿ ಸಮಭಾಗಿಯಾದವರ ಹೆಸರು ಪ್ರಶಸ್ತಿಯ ಸಾಲಿನಲ್ಲಿ ಕಾಣದಿರುವುದು ಓದುವವರನ್ನು ಚುಚ್ಚುತ್ತದೆ.

ಬ್ರಿಸ್ಟಲ್‌ನಲ್ಲಿ ಅವರು ಕೈಗೆತ್ತಿಕೊಂಡ ಒಂದು ಪ್ರಶ್ನೆ ಇದ್ದಿಲಿನದು. ಇಸ್ತ್ರಿ ಪೆಟ್ಟಿಗೆಗೆ ಹಾಕುವ ಕರಟದ ಇದ್ದಿಲನ್ನು ಇಲ್ಲಿ ಯಾರೂ ವಿಶೇಷವೆಂದು ನೋಡುವುದಿಲ್ಲ. ಆದರೆ ತೆಂಗಿನ ಕರಟದ ಇದ್ದಿಲನ್ನು ದ್ರವಗಾಳಿಯಲ್ಲಿ ಅದ್ದಿ ತಣಿಸಿದರೆ ಅದು ಸುತ್ತಲಿನ ಅನಿಲಗಳನ್ನು ಎಳೆದುಕೊಂಡು ನಿರ್ವಾತವನ್ನೇ ಉಂಟುಮಾಡಬಲ್ಲದೆಂದು ಡ್ಯೂವರ್ ತೋರಿಸಿದ್ದರು. ಹೀಲಿಯಮನ್ನು ಅದು ಬಹಳ ಕಡಿಮೆ ಹಿಡಿಯುತ್ತದೆ, ಆರ್ಗಾನನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದ್ದರಿಂದ ಅನಿಲಗಳನ್ನು ಬಿಡಿಸುವವರಿಗೆ ಇದ್ದಿಲು ಒಳ್ಳೆಯ ಜರಡಿ. ಇದಕ್ಕೆ ಕಾರಣ ಇದ್ದಿಲಿನ ಸರಂಧ್ರ ರಚನೆ. ಮರ ಅಥವಾ ಕರಟ ಗಾಳಿಯಿಲ್ಲದೆ ಸುಟ್ಟಾಗ ಅದರೊಳಗಿನ ನೀರೂ ಆವಿಯಾಗುವ ಪದಾರ್ಥಗಳೂ ಹೊರಟುಹೋಗಿ, ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ಉಳಿಯುತ್ತವೆ. ಆ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ನೆಲದ ಮೇಲೆ ಹಾಸಲು ಸಾಧ್ಯವಾದರೆ, ಚೆನ್ನಾಗಿ ಹದಮಾಡಿದ ಇದ್ದಿಲಿನ ಒಂದು ಗ್ರಾಮಿನೊಳಗೆ ಸುಮಾರು 1,000 ಚದರ ಮೀಟರು ಮೈ ಸಿಗುತ್ತದೆ. ನಮ್ಮ ರೈತರ ಲೆಕ್ಕದಲ್ಲಿ ಹತ್ತು ಗುಂಟೆ. ಚಿಟಿಕೆ ಇದ್ದಿಲಿನಲ್ಲಿ ಹತ್ತು ಗುಂಟೆ ನೆಲ. ಅದರ ಮೇಲೆಲ್ಲ ಅನಿಲದ ಅಣುಗಳು ಕೂರಬಲ್ಲವು.

ಕೂರುತ್ತವೆಯೋ, ಒಳಗೆ ಕರಗುತ್ತವೆಯೋ? ಟ್ರಾವರ್ಸ್ ಕೇಳಿದ ಪ್ರಶ್ನೆ ಇದು. ಬೇರೆ ಬೇರೆ ಉಷ್ಣತೆಗಳಲ್ಲಿ, ಬೇರೆ ಬೇರೆ ಒತ್ತಡಗಳಲ್ಲಿ ಇದ್ದಿಲು ಎಷ್ಟು ಅನಿಲವನ್ನು ಹಿಡಿಯುತ್ತದೆಂದು ಅಳೆದು 1906ರಲ್ಲಿ ಪ್ರಕಟಿಸಿದರು. ಸಕ್ಕರೆ ನೀರಿನಲ್ಲಿ ಕರಗುವಂತೆ ಅನಿಲವೂ ಘನವಸ್ತುವಿನ ಮೈಯೊಳಗೆ ಕರಗುತ್ತದೆ ಎಂಬ ಕಡೆಗೆ ಅವರು ವಾಲಿದ್ದರು. ಅದೇ ವರ್ಷ ಜೇಮ್ಸ್ ಮೆಕ್‌ಬೇನ್ ಎಂಬ ಕೆನಡಾದ ತರುಣರು ಬ್ರಿಸ್ಟಲ್‌ಗೆ ಅಧ್ಯಾಪಕರಾಗಿ ಬಂದರು. ಜಲಜನಕವನ್ನು ಇದ್ದಿಲು ಮೊದಲು ಥಟ್ಟನೆ ಮೇಲ್ಮೈಯಲ್ಲಿ ಹಿಡಿಯುತ್ತದೆ, ಆ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಒಳಗೆ ಇಳಿಯುತ್ತದೆ, ಎರಡೂ ನಿಜ ಎಂದು ಮೆಕ್‌ಬೇನ್ 1909ರಲ್ಲಿ ತೋರಿಸಿದರು. ಮೈಮೇಲೆ ಹಿಡಿಯುವುದಕ್ಕೆ ಅಡ್ಸಾರ್ಪ್ಷನ್, ಒಳಗೆ ಹೀರುವುದಕ್ಕೆ ಅಬ್ಸಾರ್ಪ್ಷನ್ ಎಂಬ ಎರಡು ಪದಗಳಿದ್ದವು. ಎರಡೂ ಕೂಡಿ ನಡೆಯುವಾಗ ಏನೆನ್ನಬೇಕು? ಮೆಕ್‌ಬೇನ್ ಉಪಸರ್ಗಗಳನ್ನು ಕಿತ್ತು ಸಾರ್ಪ್ಷನ್ ಎಂಬ ಮೂಲವನ್ನು ಮಾತ್ರ ಉಳಿಸಿದರು. ಆ ಪದವೇ ಇಂದು ಲೋಕದ ಎಲ್ಲ ಪ್ರಯೋಗಶಾಲೆಗಳಲ್ಲಿ ನಡೆಯುತ್ತಿದೆ. ಮುಂದೆ ಇದೇ ಮೆಕ್‌ಬೇನ್ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ಬ್ರಿಸ್ಟಲ್‌ನ ಒಂದೇ ವಿಭಾಗದಿಂದ ಒಬ್ಬರು ಕನ್ನಡ ನಾಡಿನ, ಇನ್ನೊಬ್ಬರು ಮರಾಠಿ ನಾಡಿನ ಸಂಸ್ಥೆಗೆ ಮೊದಲಿಗರಾಗಿ ಬಂದದ್ದನ್ನು ನೆನೆದರೆ, ಎರಡು ಭಾಷೆಗಳ ನಡುವೆ ಬೆಳೆದ ನನಗೆ ಸಂತೋಷವಾಗುತ್ತದೆ.

ಟ್ರಾವರ್ಸ್ ಅವರ ಇದ್ದಿಲಿನ ಪ್ರಶ್ನೆಯನ್ನು ಬೇರೆಯವರು ಬಿಡಿಸಬೇಕಾಗಿ ಬಂದದ್ದು ಅವರು 1906ರಲ್ಲೇ ಬೆಂಗಳೂರಿಗೆ ಹೊರಟದ್ದರಿಂದ.

ಬೆಂಗಳೂರಿನ ಕಥೆಯೂ 1898ರಲ್ಲೇ ಆರಂಭವಾಗುತ್ತದೆ. ಲಂಡನ್ನಿನಲ್ಲಿ ಹೊಸ ಅನಿಲಗಳು ಹೊಳೆಯುತ್ತಿದ್ದ ಆ ವರ್ಷ ಬೆಂಗಳೂರಿನಲ್ಲಿ ಪ್ಲೇಗು ಹಬ್ಬಿತ್ತು. ಅದೇ ವರ್ಷ ಜಮಶೇಟ್‌ಜಿ ಟಾಟಾ ಉನ್ನತ ಸಂಶೋಧನೆಯ ಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಭಾಗವನ್ನು ಕೊಡಲು ಮುಂದೆ ಬಂದಿದ್ದರು. ಯೋಜನೆಯನ್ನು ಪರಿಶೀಲಿಸಿ ಸಲಹೆ ನೀಡಲು ಕರೆಸಿದ್ದು ಯಾರನ್ನು? ವಿಲಿಯಂ ರಾಮ್ಸೆ ಅವರನ್ನು. ಅವರು 1900ರಲ್ಲಿ ಬಂದು ದೇಶವನ್ನು ಸುತ್ತಿ, ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಹೇಳಿ ಹೋದರು. ಗುರು ತೋರಿಸಿದ ಊರಿಗೆ ಆರು ವರ್ಷಗಳ ನಂತರ ಶಿಷ್ಯ ಬಂದಿಳಿದರು. ಅಷ್ಟರಲ್ಲಿ ಟಾಟಾ ಅವರು 1904ರಲ್ಲಿ ತೀರಿಕೊಂಡಿದ್ದರು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ಬಂದು ವರ್ಷವಷ್ಟೇ ಕಳೆದಿತ್ತು. ಮೈಸೂರು ಸರ್ಕಾರ ಕೊಟ್ಟ ನೆಲ 371 ಎಕರೆ 16 ಗುಂಟೆ, ಊರಿನ ಹೊರಗಿನ ಬಯಲು. ಮೂವತ್ತನಾಲ್ಕು ವಯಸ್ಸಿನ ನಿರ್ದೇಶಕರಿಗೆ ಅಲ್ಲಿ ಸಂಸ್ಥೆಯಿರಲಿಲ್ಲ, ಕಟ್ಟಡವಿರಲಿಲ್ಲ, ವಿದ್ಯಾರ್ಥಿಗಳಿರಲಿಲ್ಲ. ನಿರ್ದೇಶಿಸಲು ಇದ್ದದ್ದು ಕಾಗದಪತ್ರ ಮಾತ್ರ.

ಆ ಕಾಗದಪತ್ರ ಸಣ್ಣದಾಗಿರಲಿಲ್ಲ. ಭಾರತ ಸರ್ಕಾರ, ಮೈಸೂರು ಸಂಸ್ಥಾನ, ಟಾಟಾ ಮನೆತನ ಎಂಬ ಮೂರು ಪಕ್ಷಗಳು ಒಪ್ಪಬೇಕಿತ್ತು. ಆಸ್ತಿಯನ್ನು ಸಂಸ್ಥೆಗೆ ವಹಿಸುವ ಆದೇಶ ಹೊರಬಿದ್ದದ್ದು 1909ರ ಮೇ 27ರಂದು, ಅವರು ಬಂದು ಎರಡೂವರೆ ವರ್ಷಗಳಾದ ಮೇಲೆ. ಅದೇ ವರ್ಷ ಅವರ ಮದುವೆ ಡೊರೊಥಿ ಗ್ರೇ ಅವರೊಡನೆ ಆಯಿತು. 1911ರ ಫೆಬ್ರವರಿ 1ರಂದು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಜುಲೈ 24ರಂದು ಮೊದಲ ವಿದ್ಯಾರ್ಥಿಗಳು ಸೇರಿದರು. ಸಾಮಾನ್ಯ ಹಾಗೂ ಅನ್ವಯಿಕ ರಸಾಯನ ವಿಭಾಗಕ್ಕೆ ನಾರ್ಮನ್ ರುಡಾಲ್ಫ್, ವಿದ್ಯುತ್ ತಂತ್ರಜ್ಞಾನಕ್ಕೆ ಆಲ್ಫ್ರೆಡ್ ಹೇ. ಬೆನ್ನಿಗೇ ಸಾವಯವ ರಸಾಯನ ವಿಭಾಗವೂ ತೆರೆಯಿತು, ಅದಕ್ಕೆ ಸಡ್‌ಬರೋ. ಇಂದು ರಸ್ತೆಯಿಂದ ಕಾಣುವ ಗೋಪುರದ ಕಲ್ಲಿನ ಕಟ್ಟಡ ಎದ್ದದ್ದೂ ಈ ವರ್ಷಗಳಲ್ಲೇ. ಕೃಷ್ಣಗಿರಿಯ ಬಂಡೆಗಳನ್ನು ನೋಡಿ ಬೆಳೆದ ನಮ್ಮ ಹುಡುಗರು ಅಲ್ಲಿಗೆ ಹೋದಾಗ ಕಲ್ಲಿನ ಕೆಲಸವನ್ನು ಗಮನಿಸಿ ನೋಡಬೇಕು.

ಇನ್ನು ಜಗಳ. ಟಾಟಾ ಅವರ ಆಪ್ತರಾದ ಬುರ್ಜೋರ್‌ಜಿ ಪಾದಶಾ ಮುಂತಾದವರು ಕೂಡಿ ಸಿದ್ಧಪಡಿಸಿದ ಮೊದಲ ಯೋಜನೆ ಬಹಳ ವಿಶಾಲವಾದದ್ದು. ಅದರಲ್ಲಿ ವಿಜ್ಞಾನದ ಜೊತೆಗೆ ವೈದ್ಯವಿತ್ತು, ತತ್ತ್ವಶಾಸ್ತ್ರವಿತ್ತು, ಶಿಕ್ಷಣವಿತ್ತು, ಭಾರತದ ಇತಿಹಾಸವಿತ್ತು. ಸಮಿತಿಯಿಂದ ಸಮಿತಿಗೆ ಸಾಗುತ್ತ ಅದು ಕುಗ್ಗಿ, ಕೊನೆಗೆ ರಸಾಯನ ಮತ್ತು ವಿದ್ಯುತ್ತಿನಲ್ಲಿ ಬಂದು ನಿಂತಿತು. ಮಾನವಿಕ ವಿಭಾಗದ ಮೇಷ್ಟ್ರಾದ ನನಗೆ ಪಾದಶಾ ಅವರ ಕಡೆಗೆ ಮನಸ್ಸು ಹೋಗುವುದು ಸಹಜ. ಆದರೆ ಕೈಯಲ್ಲಿದ್ದ ಹಣಕ್ಕೆ ಎರಡು ಮೂರು ವಿಭಾಗಗಳನ್ನು ಗಟ್ಟಿಯಾಗಿ ಕಟ್ಟುವುದೇ ಸರಿಯಾದ ದಾರಿಯಾಗಿತ್ತೆಂದು ಇಂದು ಒಪ್ಪಲೇಬೇಕು. ಸಂಸ್ಥೆ ಯಾತಕ್ಕಾಗಿ, ಮೂಲ ಸಂಶೋಧನೆಗೋ ದೇಶದ ಕೈಗಾರಿಕೆಗೋ, ನಿರ್ದೇಶಕರ ಅಧಿಕಾರ ಎಲ್ಲಿಯವರೆಗೆ, ಆಡಳಿತ ಮಂಡಳಿಯದು ಎಲ್ಲಿಂದ ಎಂಬ ಪ್ರಶ್ನೆಗಳು ವರ್ಷದಿಂದ ವರ್ಷಕ್ಕೆ ಬಿಗಿಯಾದವು. ದಾನಿಗಳ ಪ್ರತಿನಿಧಿಗಳೊಡನೆಯೂ ಸಹೋದ್ಯೋಗಿಗಳೊಡನೆಯೂ ಟ್ರಾವರ್ಸ್ ಅವರಿಗೆ ಹೊಂದಿಕೆಯಾಗಲಿಲ್ಲ. 1914ರಲ್ಲಿ ರಾಜೀನಾಮೆ ಕೊಟ್ಟು ಇಂಗ್ಲೆಂಡಿಗೆ ಹಿಂತಿರುಗಿದರು.

ತಪ್ಪು ಯಾರದು ಎಂದು ತೀರ್ಪು ಕೊಡುವ ಸ್ಥಾನದಲ್ಲಿ ನಾನಿಲ್ಲ. ನನ್ನ ಊಹೆ ಇಷ್ಟು: ಒಂದು ಸೂಜಿಮೊನೆಯ ಸೋರಿಕೆಯನ್ನೂ ಸಹಿಸದ ಅಭ್ಯಾಸದಿಂದ ಧಾತುಗಳನ್ನು ಕಂಡುಹಿಡಿದ ಕೈ, ಅದೇ ಅಭ್ಯಾಸವನ್ನು ಮನುಷ್ಯರ ಸಭೆಗಳಿಗೂ ತಂದಿತು. ಗಾಜಿನ ಕೊಳವೆ ಬಿಗಿದಷ್ಟೂ ಒಳ್ಳೆಯದು, ಸಮಿತಿಗಳು ಹಾಗಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಸಡಿಲ ಸ್ವಭಾವದವರೊಬ್ಬರು ಆ ಎಂಟು ವರ್ಷಗಳಲ್ಲಿ ಅಲ್ಲಿದ್ದಿದ್ದರೆ ಜಗಳವೂ ಇರುತ್ತಿರಲಿಲ್ಲ, ಬಹುಶಃ ಸಂಸ್ಥೆಯೂ ಇರುತ್ತಿರಲಿಲ್ಲ. ಕಾಲೇಜುಗಳಲ್ಲಿ ಮೂರು ದಶಕ ಕಳೆದ ನಾನು, ಎಲ್ಲರೊಡನೆಯೂ ಹೊಂದಿಕೊಂಡು ಏನನ್ನೂ ಕಟ್ಟದೆ ಸನ್ಮಾನದ ಶಾಲು ಹೊದ್ದು ನಿವೃತ್ತರಾದವರನ್ನು ಸಾಕಷ್ಟು ಕಂಡಿದ್ದೇನೆ.

ಅವರು ಹೊರಟ ವರ್ಷವೇ ಮಹಾಯುದ್ಧ ಆರಂಭವಾಯಿತು, ಮತ್ತು ಅವರು ಕಟ್ಟಿದ್ದು ಏನೆಂಬುದು ತಿಳಿದದ್ದೂ ಆಗಲೇ. ಅಲ್ಲಿಯವರೆಗೆ ಮೈಸೂರಿನ ಶ್ರೀಗಂಧ ಕೊರಡುಗಳಾಗಿ ಹೊರದೇಶಕ್ಕೆ ಹೋಗುತ್ತಿತ್ತು. ಎಣ್ಣೆ ತೆಗೆಯುವ ಉದ್ಯಮದ ಬಹುಭಾಗ ಜರ್ಮನಿಯಲ್ಲಿತ್ತು. ಯುದ್ಧದಿಂದ ಆ ದಾರಿ ಮುಚ್ಚಿತು, ಗಂಧದ ಹರಾಜು ಕುಸಿಯಿತು. ಆಗ ಸಂಸ್ಥಾನದ ಕೈಗಾರಿಕಾ ಅಧಿಕಾರಿ ಆಲ್ಫ್ರೆಡ್ ಚಾಟರ್ಟನ್ ನೆರವು ಕೇಳಿದ್ದು ಟಾಟಾ ಇನ್‌ಸ್ಟಿಟ್ಯೂಟನ್ನು. ಸಡ್‌ಬರೋ ಮತ್ತು ವಾಟ್ಸನ್ ಗಂಧದೆಣ್ಣೆಯನ್ನು ಬಟ್ಟಿ ಇಳಿಸುವ ಕ್ರಮವನ್ನು ಅಲ್ಲಿ ಪ್ರಯೋಗಿಸಿ ಸ್ಥಿರಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಬೆನ್ನಿಗೇ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಸೋಪಿನ ಕಥೆ ನಿಮಗೆ ಗೊತ್ತೇ ಇದೆ. ಟ್ರಾವರ್ಸ್ ಈ ಫಲವನ್ನು ಅಲ್ಲಿದ್ದು ಕಾಣಲಿಲ್ಲ.

ಈ ವಾಟ್ಸನ್ ಅವರೂ ಗಮನಿಸಬೇಕಾದವರು. ಲಂಡನ್ನಿನಲ್ಲಿ ರಾಮ್ಸೆ ಅವರ ಪ್ರಯೋಗಶಾಲೆಯಲ್ಲಿ ನಿಯಾನಿನ ಪರಮಾಣು ತೂಕವನ್ನು ಅಳೆದಿದ್ದ ಇವರು 1911ರಲ್ಲಿ ಬೆಂಗಳೂರಿಗೆ ಬಂದು, ಇಪ್ಪತ್ತಮೂರು ವರ್ಷ ಕೆಲಸ ಮಾಡಿ, 1934ರಲ್ಲಿ ಲಂಡನ್ನಿಗೆ ಮರಳಿ ರಾಸಾಯನಿಕ ಎಂಜಿನಿಯರಿಂಗ್‌ನ ರಾಮ್ಸೆ ಪ್ರಾಧ್ಯಾಪಕರಾದರು. ಬೆಂಗಳೂರಿನಲ್ಲಿ ಕಲಿತ ವಿದ್ಯೆ ಲಂಡನ್ನಿನ ಪೀಠಕ್ಕೆ ಹೋದ ಉದಾಹರಣೆ ಇದು; ನಾವು ಯಾವಾಗಲೂ ಹೇಳುವುದು ಇದರ ತಿರುಗುಮುರುಗು. ಇದ್ದಿಲಿನ ಎಳೆಯೂ ಬೇರೊಂದು ದಾರಿಯಿಂದ ಬೆಂಗಳೂರಿಗೆ ಬಂದಿತು. ಸೆಂಟ್ರಲ್ ಕಾಲೇಜಿನಲ್ಲಿ ಕೆ. ಸುಬ್ಬರಾವ್ ಎಂಬ ಸಂಶೋಧಕರು ಸರಂಧ್ರ ವಸ್ತುಗಳು ನೀರಾವಿಯನ್ನು ಹಿಡಿಯುವ ದಾರಿ ಒಂದು, ಬಿಡುವ ದಾರಿ ಇನ್ನೊಂದು ಏಕೆಂಬುದನ್ನು ಪರೀಕ್ಷಿಸಿದರು. 1939ರಲ್ಲಿ ಅವರು ಇದಕ್ಕೆ ಆರಿಸಿಕೊಂಡ ವಸ್ತುಗಳಲ್ಲಿ ಒಂದು ಅಕ್ಕಿ. ಒಣಗುತ್ತಿರುವ ಅಕ್ಕಿ, ನೆನೆಯುತ್ತಿರುವ ಅಕ್ಕಿಗಿಂತ ಅದೇ ತೇವದ ಗಾಳಿಯಲ್ಲಿ ಹೆಚ್ಚು ನೀರನ್ನು ತನ್ನೊಳಗೆ ಉಳಿಸಿಕೊಂಡಿರುತ್ತದೆ. ರಂಧ್ರದ ಹೊಟ್ಟೆ ದೊಡ್ಡದು, ಬಾಯಿ ಕಿರಿದು. ಹೂಜಿಯಂತೆ ಒಳಗೆ ಹೋದದ್ದು ಸುಲಭವಾಗಿ ಹೊರಬಾರದು. ಬ್ರಿಸ್ಟಲ್‌ನಿಂದ ಹೊರಟ ಪ್ರಶ್ನೆ ನಮ್ಮ ಅಡುಗೆಮನೆಯ ಅಕ್ಕಿಡಬ್ಬಿಗೆ ಬಂದು ಮುಟ್ಟಿತೆನ್ನಬಹುದು.

ಇಂಗ್ಲೆಂಡಿಗೆ ಮರಳಿದ ಟ್ರಾವರ್ಸ್ ಸುಮ್ಮನೆ ಕೂರಲಿಲ್ಲ. ಪ್ರಯೋಗಶಾಲೆಗಳ ಗಾಜು ಜರ್ಮನಿಯಿಂದ ಬರುತ್ತಿತ್ತು, ಯುದ್ಧದಲ್ಲಿ ಅದು ನಿಂತಿತು. ಅವರು ವಾಲ್ಥಂಸ್ಟೋದಲ್ಲಿ ವೈಜ್ಞಾನಿಕ ಗಾಜಿನ ತಯಾರಿಕೆಯನ್ನು ನಡೆಸಿದರು. 1920ರಲ್ಲಿ ಪಾಲುದಾರರೊಬ್ಬರೊಡನೆ ಹೆಚ್ಚು ಶಾಖದ ಕುಲುಮೆಗಳನ್ನು ಕಟ್ಟುವ ಕಂಪನಿ ಮಾಡಿದರು. 1927ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯಕ್ಕೆ ಅನ್ವಯಿಕ ರಸಾಯನದ ಗೌರವ ಪ್ರಾಧ್ಯಾಪಕರಾಗಿ ಮರಳಿ, ಹತ್ತು ವರ್ಷ ಸಾವಯವ ಆವಿಗಳು ಶಾಖಕ್ಕೆ ಒಡೆಯುವ ಕ್ರಮವನ್ನು ಅಭ್ಯಾಸ ಮಾಡಿದರು. 1936ರಿಂದ ಎರಡು ವರ್ಷ ಫ್ಯಾರಡೆ ಸೊಸೈಟಿಯ ಅಧ್ಯಕ್ಷರಾಗಿದ್ದರು. ಎರಡನೆಯ ಮಹಾಯುದ್ಧದಲ್ಲಿ ಸರ್ಕಾರಕ್ಕೆ ಸ್ಫೋಟಕಗಳ ಕುರಿತು ಸಲಹೆಗಾರರಾಗಿದ್ದರು.

ಕೊನೆಯ ವರ್ಷಗಳನ್ನು ಅವರು ಮೀಸಲಿಟ್ಟದ್ದು ಗುರುವಿಗೆ. ರಾಮ್ಸೆ 1916ರಲ್ಲೇ ತೀರಿಕೊಂಡಿದ್ದರು. ವಿರಳ ಅನಿಲಗಳ ಶೋಧದ ಕಥೆಯನ್ನು ಟ್ರಾವರ್ಸ್ 1928ರಲ್ಲಿ ಪುಸ್ತಕವಾಗಿ ಬರೆದಿದ್ದರು. ರಾಮ್ಸೆ ಅವರ ಪೂರ್ಣ ಜೀವನಚರಿತ್ರೆ 1956ರಲ್ಲಿ ಬಂದಾಗ ಬರೆದವರ ವಯಸ್ಸು ಎಂಬತ್ತನಾಲ್ಕು. ತನ್ನ ಕಥೆಯನ್ನೇ ಹೇಳಿಕೊಳ್ಳಬಹುದಾಗಿದ್ದವರು ಆರಿಸಿಕೊಂಡದ್ದು ಇನ್ನೊಬ್ಬರ ಕಥೆಯನ್ನು. ಐದು ವರ್ಷಗಳ ನಂತರ, 1961ರ ಆಗಸ್ಟ್ 25ರಂದು, ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಎಂಬ ಸಣ್ಣ ಊರಿನಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಆಗ ಅವರ ಕುರ್ಚಿಯಲ್ಲಿ ಎಸ್. ಭಗವಂತಂ ಇದ್ದರು, ಮತ್ತು ಅಲ್ಲಿ ತರಗತಿಗಳು ಆರಂಭವಾಗಿ ಐವತ್ತು ವರ್ಷ ತುಂಬಿ ಒಂದು ತಿಂಗಳಾಗಿತ್ತು.